ಫೈಲ್ ಹೆಸರಿನ ಕೊನೆಗೆ ಜೆಪಿಜಿ ಅಂತ ಬರೆದರೆ ಫೋಟೋ ತೆರೆದುಕೊಳ್ಳುತ್ತದೆಯೇ?

"ಐಫೋನ್‌ನಿಂದ ಬಂದ ಫೋಟೋ ಓಪನ್ ಆಗ್ತಿಲ್ವಾ? ಹೆಸರಿನ ಕೊನೆಯಲ್ಲಿರುವ ಎಚ್‌ಇಐಸಿ ಅಳಿಸಿ ಜೆಪಿಜಿ ಅಂತ ಹಾಕಿ, ಅಷ್ಟೇ! ಆಗಲೂ ಆಗದಿದ್ದರೆ ಈ ಲಿಂಕ್‌ನಲ್ಲಿರುವ ಪ್ಲಗಿನ್ ಇನ್‌ಸ್ಟಾಲ್ ಮಾಡಿಕೊಳ್ಳಿ. ಎಲ್ಲ ಗ್ರೂಪ್‌ಗೂ ಶೇರ್ ಮಾಡಿ."

ಇಂಥ ಸಲಹೆ ನಿಮಗೂ ಬಂದಿರಬಹುದು. ಇದರ ಮೊದಲರ್ಧ ತಪ್ಪು, ಉಳಿದರ್ಧ ಅಪಾಯ.

ಮೊದಲು ಹೆಸರಿನ ವಿಷಯ. ಅಡುಗೆಮನೆಯಲ್ಲಿ ಖಾರದ ಪುಡಿ ಡಬ್ಬಿಯ ಮೇಲೆ ಅರಿಶಿನ ಅಂತ ಚೀಟಿ ಅಂಟಿಸಿದರೆ ಒಳಗಿನ ಖಾರ ಅರಿಶಿನ ಆಗುವುದಿಲ್ಲ. ಫೈಲ್ ಹೆಸರಿನ ಕೊನೆಯ ಮೂರು ನಾಲ್ಕು ಅಕ್ಷರಗಳೂ ಅಂಥದೇ ಚೀಟಿ. ಒಳಗಿರುವ ಮಾಹಿತಿಯನ್ನು ಹೇಗೆ ಜೋಡಿಸಿದ್ದಾರೆ ಎಂಬುದೇ ನಿಜವಾದ ಫಾರ್ಮ್ಯಾಟ್. ಬಹುತೇಕ ಫಾರ್ಮ್ಯಾಟ್‌ಗಳಿಗೆ ಒಂದು ಗುರುತು ಫೈಲಿನ ಆರಂಭದಲ್ಲೇ ಇರುತ್ತದೆ. ಪಿಎನ್‌ಜಿ ಫೈಲಿನ ಎರಡನೇ ಬೈಟ್‌ನಿಂದ ಪಿ, ಎನ್, ಜಿ ಎಂಬ ಅಕ್ಷರಗಳೇ ಇರುತ್ತವೆ. ವೆಬ್‌ಪಿ ಫೈಲಿನಲ್ಲಿ ಒಂಬತ್ತನೇ ಬೈಟ್‌ನಿಂದ ವೆಬ್‌ಪಿ ಎಂದೇ ಬರೆದಿರುತ್ತದೆ. ನೀವು ಹೆಸರು ಬದಲಿಸಿದಾಗ ಇದ್ಯಾವುದೂ ಬದಲಾಗುವುದಿಲ್ಲ.

"ಆದರೆ ನಾನು ಹೆಸರು ಬದಲಿಸಿದಾಗ ಓಪನ್ ಆಯ್ತಲ್ಲ!" ಅನ್ನುವವರೂ ಇದ್ದಾರೆ. ಆಗಿರಬಹುದು. ಕೆಲವು ಆ್ಯಪ್‌ಗಳು ಚೀಟಿಯನ್ನು ನಂಬದೆ ಒಳಗಿನ ಗುರುತನ್ನೇ ನೋಡುತ್ತವೆ. ಆ ಫಾರ್ಮ್ಯಾಟ್ ಓದುವ ವ್ಯವಸ್ಥೆ ಅವುಗಳಲ್ಲಿ ಮೊದಲೇ ಇದ್ದರೆ ಹೆಸರು ಏನೇ ಇರಲಿ, ಫೋಟೋ ತೆರೆಯುತ್ತದೆ. ಅಂದರೆ ಕೆಲಸ ಮಾಡಿದ್ದು ಆ್ಯಪ್, ನಿಮ್ಮ ಉಪಾಯವಲ್ಲ. ಇದು ತಮಾಷೆಯ ವಿಷಯ ಅನ್ನಿಸಬಹುದು. ಆದರೆ ಪರೀಕ್ಷೆಗೋ ಕೆಲಸಕ್ಕೋ ಆನ್‌ಲೈನ್ ಅರ್ಜಿ ಹಾಕುವಾಗ ಇದೇ ಉಪಾಯ ಮುಳುವಾಗುತ್ತದೆ. ಜೆಪಿಜಿ ಮಾತ್ರ ಕೇಳುವ ಪುಟ ಬರೀ ಹೆಸರು ನೋಡಿ ಫೈಲನ್ನು ಒಪ್ಪಿಕೊಂಡರೆ, ಮುಂದೆ ಪ್ರಿಂಟ್ ತೆಗೆದಾಗ ಫೋಟೋ ಇರಬೇಕಾದ ಚೌಕ ಖಾಲಿ ಬಂದಿರಬಹುದು.

ಹಾಗಾದರೆ ಪ್ರಶ್ನೆ ಇದು: ಎಲ್ಲ ಫಾರ್ಮ್ಯಾಟ್‌ಗಳನ್ನೂ ತೆರೆಯುವ ವ್ಯವಸ್ಥೆಯನ್ನು ಎಲ್ಲ ಫೋಟೋ ಎಡಿಟರ್‌ಗಳೂ ಮೊದಲೇ ಕೊಟ್ಟುಬಿಡಬಾರದೇ? ಪ್ಲಗಿನ್ ಅಂತ ಬೇರೆ ಹುಡುಕಿಸುವುದು ಯಾಕೆ?

ದುಭಾಷಿಯನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕೇ?

ಪ್ಲಗಿನ್ ಅನ್ನು ಒಬ್ಬ ದುಭಾಷಿ ಅಂದುಕೊಳ್ಳಿ. ಎಡಿಟರ್‌ಗೆ ಗೊತ್ತಿರುವುದು ಒಂದೇ ಭಾಷೆ. ಜೆಪಿಜಿ, ಗಿಫ್, ವೆಬ್‌ಪಿ ಇವೆಲ್ಲ ಪರಭಾಷೆ. ಉಚಿತ ಎಡಿಟರ್ ಆದ ಜಿಂಪ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಸ್ವಂತ ಫಾರ್ಮ್ಯಾಟ್ ಎಕ್ಸ್‌ಸಿಎಫ್ ಒಂದು ಬಿಟ್ಟರೆ, ನಮ್ಮ ದಿನಬಳಕೆಯ ಜೆಪಿಜಿಯನ್ನು ಸಹ ಅದು ಪ್ಲಗಿನ್ ಮೂಲಕವೇ ಓದುತ್ತದೆ. ಆ ಪ್ಲಗಿನ್‌ಗಳು ಜಿಂಪ್ ಜೊತೆಗೇ ಬರುವುದರಿಂದ ನಮಗೆ ಗೊತ್ತಾಗುವುದಿಲ್ಲ, ಅಷ್ಟೇ. ಪ್ರತಿ ಪ್ಲಗಿನ್ ಬೇರೆಯೇ ಪ್ರೋಗ್ರಾಮ್ ಆಗಿ ಓಡುತ್ತದೆ. ಕೆಟ್ಟ ಫೈಲೊಂದನ್ನು ಓದಲು ಹೋಗಿ ಪ್ಲಗಿನ್ ಕುಸಿದು ಬಿದ್ದರೂ, ನೀವು ಎರಡು ಗಂಟೆ ಕೂತು ಮಾಡಿದ ಕೆಲಸ ಸಾಮಾನ್ಯವಾಗಿ ಉಳಿಯುತ್ತದೆ.

ಯಾವ ಪ್ಲಗಿನ್ ಜೊತೆಗೇ ಕೊಡಬೇಕು, ಯಾವುದನ್ನು ಬೇರೆ ಇಡಬೇಕು ಎಂಬುದು ಬರೀ ತಾಂತ್ರಿಕ ತೀರ್ಮಾನವಲ್ಲ. ಅದರಲ್ಲಿ ದುಡ್ಡು, ಕಾನೂನು ಎರಡೂ ಇವೆ. ಗಿಫ್ ಕತೆಯನ್ನೇ ನೋಡಿ. ಬೆಳಗಾದರೆ "ಶುಭೋದಯ" ಅಂತ ಮಿನುಗುವ ಚಿತ್ರಗಳಿಗೆಲ್ಲ ಇವತ್ತಿಗೂ ನಾವು ಕರೆಯುವ ಹೆಸರು ಅದು. ಗಿಫ್ ಒಳಗೆ ಮಾಹಿತಿಯನ್ನು ಒತ್ತಿಡುವ ಎಲ್‌ಝಡ್‌ಡಬ್ಲ್ಯು ವಿಧಾನದ ಪೇಟೆಂಟ್ ಅಮೆರಿಕದ ಯುನಿಸಿಸ್ ಕಂಪನಿಯ ಕೈಲಿತ್ತು. ಗಿಫ್ ತಯಾರಿಸುವ ಸಾಫ್ಟ್‌ವೇರ್‌ನವರು ಹಣ ಕೊಡಬೇಕು ಎಂಬ ಮಾತು 1994ರ ಕೊನೆಯಲ್ಲಿ ಹೊರಬಿತ್ತು. ಅದರ ಸಿಟ್ಟಿನಲ್ಲೇ ಹುಟ್ಟಿದ್ದು ಪಿಎನ್‌ಜಿ. ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯವರು ಮಾಡಿದ್ದು ಇನ್ನೂ ಸ್ವಾರಸ್ಯ: ಜಿಂಪ್‌ನ ಗಿಫ್ ಪ್ಲಗಿನ್ ಅನ್ನು ಕಿತ್ತು 'ಜಿಂಪ್-ನಾನ್‌ಫ್ರೀ' ಎಂಬ ಬೇರೆ ಪ್ಯಾಕೇಜ್‌ನಲ್ಲಿ ಇಟ್ಟರು. ಬೇಕಾದವರು ತಿಳಿದು ಹಾಕಿಕೊಳ್ಳಲಿ ಎಂದು. ಅಮೆರಿಕದಲ್ಲಿ ಆ ಪೇಟೆಂಟ್ 2003ರಲ್ಲಿ ಮುಗಿಯಿತು. ಈಗ ಗಿಫ್‌ಗೆ ಇಂಥ ಯಾವ ತಕರಾರೂ ಇಲ್ಲ.

ಎಚ್‌ಇಐಸಿ ಗೋಳು ಇದರ ಹೊಸ ರೂಪ. 2017ರಲ್ಲಿ ಐಒಎಸ್ 11 ಜೊತೆ ಆಪಲ್ ಇದನ್ನು ಐಫೋನ್‌ಗಳಿಗೆ ತಂದಿತು. ಸುಮಾರು ಅದೇ ಗುಣಮಟ್ಟದ ಚಿತ್ರಕ್ಕೆ ಜೆಪಿಜಿಗಿಂತ ಬಹಳ ಕಡಿಮೆ ಜಾಗ ಸಾಕು ಎಂಬುದು ಅದರ ಲಾಭ. ಇದರಲ್ಲಿ ಎರಡು ಪದರ ಇವೆ. ಹೊರಗಿನ ಡಬ್ಬಿ ಎಚ್‌ಇಐಎಫ್, ಒಳಗೆ ಚಿತ್ರವನ್ನು ಒತ್ತಿಟ್ಟ ವಿಧಾನ ಎಚ್‌ಇವಿಸಿ. ಈ ಒಳಗಿನದಕ್ಕೆ ಪೇಟೆಂಟ್‌ಗಳಿವೆ, ಅದೂ ಒಂದಕ್ಕಿಂತ ಹೆಚ್ಚು ಗುಂಪುಗಳ ಕೈಲಿ. ಅದಕ್ಕೇ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಡಬ್ಬಿ ಬಿಚ್ಚುವ ಎಕ್ಸ್‌ಟೆನ್ಷನ್ ಉಚಿತ, ಒಳಗಿರುವುದನ್ನು ಓದುವ ಎಚ್‌ಇವಿಸಿ ಎಕ್ಸ್‌ಟೆನ್ಷನ್‌ಗೆ ಅಮೆರಿಕದಲ್ಲಿ 99 ಸೆಂಟ್ ಬೆಲೆ. ಉಚಿತವಾದದ್ದನ್ನು ಹಾಕಿಕೊಂಡ ಮೇಲೂ ಫೋಟೋ ಕಾಣದಿದ್ದರೆ ಫೋಟೋ ಕೆಟ್ಟಿದೆ ಅಂತ ಡಿಲೀಟ್ ಮಾಡಬೇಡಿ. ಎರಡನೆಯ ಅರ್ಧ ನಿಮ್ಮ ಕಂಪ್ಯೂಟರ್‌ನಲ್ಲಿ ಇಲ್ಲದಿರಬಹುದು.

ಕೆಲವೊಮ್ಮೆ ಕಾರಣ ಬರೀ ನಿಧಾನ. ಗೂಗಲ್ 2010ರಲ್ಲೇ ತಂದ ವೆಬ್‌ಪಿ ಫೋಟೋಶಾಪ್ ಒಳಗೆ ಪೂರ್ತಿಯಾಗಿ ಸೇರಿದ್ದು 2022ರಲ್ಲಿ. ಅಲ್ಲಿಯವರೆಗೆ ಗೂಗಲ್ ಕೊಟ್ಟ ಪ್ಲಗಿನ್ ಫೈಲನ್ನು ಬಳಕೆದಾರರೇ ತಂದು ಸರಿಯಾದ ಫೋಲ್ಡರ್‌ಗೆ ಹಾಕಬೇಕಿತ್ತು. ನೀವು ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಸ್ಟಿಕ್ಕರ್‌ಗಳೂ ವೆಬ್‌ಪಿಯೇ. ಇಷ್ಟು ಬಳಕೆಯಲ್ಲಿರುವ ಫಾರ್ಮ್ಯಾಟ್‌ಗೆ ಜನ ಪ್ಲಗಿನ್ ಹುಡುಕುತ್ತಾ ಅಲೆಯುವುದು ಸರಿಯಲ್ಲ, ಜೊತೆಗೇ ಕೊಡಬೇಕು ಎಂಬುದು ನಮ್ಮ ಅಭಿಪ್ರಾಯ.

ಆದರೆ ಎಲ್ಲವನ್ನೂ ತುಂಬಿಸಿ ಕೊಡುವುದೂ ಜಾಣತನವಲ್ಲ. ದೊಡ್ಡ ಕ್ಯಾಮೆರಾಗಳ ರಾ ಫೈಲ್‌ಗಳನ್ನು ತೆಗೆದುಕೊಳ್ಳಿ. ಹೊಸ ಕ್ಯಾಮೆರಾ ಬಂದಾಗಲೆಲ್ಲ ಅದನ್ನು ಓದುವ ಪ್ರೋಗ್ರಾಮ್ ಪರಿಷ್ಕರಿಸಬೇಕಾಗುತ್ತದೆ. ಜಿಂಪ್ 2.8 ಬಂದದ್ದು 2012ರಲ್ಲಿ, 2.10 ಬಂದದ್ದು 2018ರಲ್ಲಿ. ಹೊಸ ಕ್ಯಾಮೆರಾ ಕೊಂಡವರು ಆರು ವರ್ಷ ಕಾಯಲು ಆಗುತ್ತದೆಯೇ? ಹಾಗಾಗಿ 2.10ರಿಂದ ಜಿಂಪ್ ಆ ಕೆಲಸವನ್ನು ಡಾರ್ಕ್‌ಟೇಬಲ್ ಅಥವಾ ರಾಥೆರಪಿ ಎಂಬ ಬೇರೆ ಉಚಿತ ಪ್ರೋಗ್ರಾಮ್‌ಗಳಿಗೆ ವಹಿಸಿಕೊಟ್ಟಿತು. ಬೇರೆ ಇಟ್ಟರೆ ಇನ್ನೊಂದು ತೊಂದರೆಯೂ ಇದೆ. 2025ರಲ್ಲಿ ಜಿಂಪ್ 3.0 ಬಂದಾಗ, ಹೊರಗಿನವರು 2.10ಕ್ಕೆ ಬರೆದಿದ್ದ ಪ್ಲಗಿನ್‌ಗಳನ್ನು ಹೊಸದಕ್ಕೆ ಹೊಂದುವಂತೆ ತಿದ್ದಬೇಕಾಯಿತು. ಬರೆದವರು ಕೈಬಿಟ್ಟಿದ್ದರೆ ಆ ದುಭಾಷಿ ಇದ್ದೂ ಇಲ್ಲದಂತೆ.

ಒಂದು ಚಿತ್ರದಿಂದ ಏನಾಗಿಬಿಡುತ್ತದೆ?

ಬಹಳ ಆಗಬಹುದು. 2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಚಿತ್ರಗಳನ್ನು ಓದುವ ಲಿಬ್‌ವೆಬ್‌ಪಿ ಎಂಬ ಕೋಡ್‌ನಲ್ಲಿ ದೊಡ್ಡ ದೋಷ ಬೆಳಕಿಗೆ ಬಂತು. ಬೇಕೆಂದೇ ತಿರುಚಿ ತಯಾರಿಸಿದ ಚಿತ್ರವೊಂದರ ಮೂಲಕ ದಾಳಿಕೋರರು ನಿಮ್ಮ ಸಾಧನದಲ್ಲಿ ತಮ್ಮ ಕೋಡ್ ಓಡಿಸಲು ದಾರಿ ಇತ್ತು. ಗೊತ್ತಾಗುವ ಹೊತ್ತಿಗೆ ಅದನ್ನು ಬಳಸಿ ದಾಳಿಯೂ ನಡೆದಿತ್ತು. ಕ್ರೋಮ್, ಫೈರ್‌ಫಾಕ್ಸ್ ತರಾತುರಿಯಲ್ಲಿ ಅಪ್‌ಡೇಟ್ ಬಿಟ್ಟವು. ಸಮಸ್ಯೆ ಏನೆಂದರೆ, ಆ ಕೋಡ್‌ನ ಸ್ವಂತ ಪ್ರತಿಯನ್ನು ಒಳಗೆ ಸೇರಿಸಿಕೊಂಡಿದ್ದ ಪ್ರತಿಯೊಂದು ಪ್ರೋಗ್ರಾಮ್ ಕೂಡ ಬೇರೆ ಬೇರೆಯಾಗಿ ಸರಿಯಾಗಬೇಕಿತ್ತು. ವರ್ಷಗಳ ಹಿಂದೆ ಯಾವುದೋ ಲಿಂಕ್‌ನಿಂದ ಇಳಿಸಿ ಮರೆತುಬಿಟ್ಟ ಪ್ಲಗಿನ್‌ಗೆ ಅಪ್‌ಡೇಟ್ ಕೊಡುವವರು ಯಾರು?

ಈಗ ಆ ಫಾರ್ವರ್ಡ್‌ನ ಎರಡನೇ ಭಾಗಕ್ಕೆ ಬನ್ನಿ. ಫೋಟೋ ನೋಡಲು ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕ್‌ನಿಂದ ಏನನ್ನೂ ಇನ್‌ಸ್ಟಾಲ್ ಮಾಡಬೇಡಿ. ಅದರಲ್ಲೂ ಹೆಸರಿನ ಕೊನೆಯಲ್ಲಿ ಎಪಿಕೆ ಅಂತಿದ್ದರೆ ಅದು ಫೋಟೋ ಅಲ್ಲ, ಆ್ಯಪ್. ಮದುವೆ ಕರೆಯೋಲೆ ಅಂತ ಹೇಳಿ ಎಪಿಕೆ ಕಳಿಸಿ ಜನರ ಫೋನ್‌ಗೆ ಕನ್ನ ಹಾಕುವ ಮೋಸ ನಮ್ಮ ದೇಶದಲ್ಲಿ ನಡೆದಿದೆ. ಎಚ್‌ಇಐಸಿ ಓದುವ ವ್ಯವಸ್ಥೆ ಆಂಡ್ರಾಯ್ಡ್‌ನಲ್ಲಿ 8ನೇ ಆವೃತ್ತಿಯಿಂದ ಸೇರಿದೆ. ಹಾಗಾಗಿ ಮೊದಲು ಫೋನಿನ ಜೊತೆ ಬಂದ ಗ್ಯಾಲರಿಯಲ್ಲೋ ಗೂಗಲ್ ಫೋಟೋಸ್‌ನಲ್ಲೋ ತೆರೆದು ನೋಡಿ. ಕಂಪ್ಯೂಟರ್‌ನಲ್ಲಾದರೆ ಎಡಿಟರ್ ತಯಾರಿಸಿದವರ ಸ್ವಂತ ವೆಬ್‌ಸೈಟ್‌ನಿಂದ ಹೊಸ ಆವೃತ್ತಿ ಹಾಕಿಕೊಂಡರೆ ಎಷ್ಟೋ ಸಲ ಬೇರೆ ಪ್ಲಗಿನ್ ಬೇಕಾಗುವುದೇ ಇಲ್ಲ. ಜಿಂಪ್‌ನಲ್ಲಿ ಎಚ್‌ಇಐಸಿ ತೆರೆಯುವ ಸೌಲಭ್ಯ 2018ರ 2.10.2 ಆವೃತ್ತಿಯಿಂದ ಇದೆ. ತೆರೆದ ಮೇಲೆ 'ಎಕ್ಸ್‌ಪೋರ್ಟ್' ಒತ್ತಿ ಜೆಪಿಜಿ ಆರಿಸಿ. ಆಗ ಬದಲಾಗುವುದು ಬರೀ ಚೀಟಿಯಲ್ಲ, ಡಬ್ಬಿಯೊಳಗಿನ ವಸ್ತುವೇ. ಅರ್ಜಿಗೆ ಹಾಕಬೇಕಾದದ್ದು ಆ ಫೈಲ್. ಮೂಲ ಫೋಟೋ ಹಾಗೇ ಇರಲಿ.

ಫೋಟೋ ಕಳಿಸುವವರು ನಿಮ್ಮ ಮನೆಯವರೇ ಆಗಿದ್ದರೆ ಇಷ್ಟೂ ಬೇಕಿಲ್ಲ. ಅವರ ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಲು ಹೇಳಿ. ಅಲ್ಲಿಂದ ಮುಂದೆ ತೆಗೆಯುವ ಫೋಟೋಗಳು ಜೆಪಿಜಿಯಾಗಿಯೇ ಉಳಿಯುತ್ತವೆ. ಫೋನಿನಲ್ಲಿ ಜಾಗ ಸ್ವಲ್ಪ ಬೇಗ ತುಂಬುತ್ತದೆ, ಅದನ್ನೂ ಮೊದಲೇ ಹೇಳಿಬಿಡಿ.