ಕೊನೆಯ ಸವಾರನಿಗೆ ಉಳಿಯುವ ದಾರಿ

ನಮ್ಮಲ್ಲಿ ನವರಾತ್ರಿ ಕಳೆದು ಮಳೆ ಹಿಂದೆ ಸರಿಯುವ ಹೊತ್ತಿಗೆ ಇಂಗ್ಲೆಂಡಿನಲ್ಲಿ ಎಲೆ ಉದುರಿ ನೆಲ ತೊಯ್ಯತೊಡಗುತ್ತದೆ. ಅಲ್ಲಿ ವಾರದ ಕೊನೆಗೆ ನಾಲ್ಕಾರು ಜನ ಹಗುರವಾದ ಬೈಕುಗಳನ್ನು ಏರಿ, ಡಾಂಬರು ಕಾಣದ ಹಳೆಯ ಬಂಡಿದಾರಿಗಳನ್ನು ಹುಡುಕಿಕೊಂಡು ಹೊರಡುವ ಹವ್ಯಾಸವೊಂದಿದೆ. ಅದರ ಹೆಸರು ಟ್ರೇಲ್ ರೈಡಿಂಗ್. ಬೇಲಿಸಾಲುಗಳ ನಡುವೆ, ಗುಡ್ಡದ ಬೆನ್ನ ಮೇಲೆ ಹಾದುಹೋಗುವ ಆ ದಾರಿಗಳನ್ನು ಗ್ರೀನ್ ಲೇನ್ ಎನ್ನುತ್ತಾರೆ. ಕೆಸರಿನಲ್ಲಿ ಬೈಕು ಓಡಿಸುವ ಮಾತು ಬಂದಾಗ ಎಲ್ಲರ ಕಣ್ಣೂ ಮುಂದಿನ ಸವಾರನ ಮೇಲೆ ಬೀಳುತ್ತದೆ. ಅವನು ಏರನ್ನು ಹೇಗೆ ಹತ್ತಿದ, ಜಾರಿದ ಬೈಕನ್ನು ಹೇಗೆ ಹಿಡಿದು ನಿಲ್ಲಿಸಿದ ಎಂಬುದೇ ಸಾಹಸದ ಕತೆಯಾಗುತ್ತದೆ. ಒದ್ದೆ ನೆಲದ ಗುಂಪು ಸವಾರಿಗೆ ಈ ಅಳತೆ ಸಾಲದು. ಅಲ್ಲಿ ನೋಡಬೇಕಾದದ್ದು ಕೊನೆಯ ಸವಾರನನ್ನು. ಅವನು ಅಪಾಯವಿಲ್ಲದೆ ದಾಟುವಂತಿರಬೇಕು, ಅವನು ದಾಟಿದ ಮೇಲೂ ದಾರಿ ದಾರಿಯಾಗಿಯೇ ಉಳಿದಿರಬೇಕು. ಗುಂಪಿನಲ್ಲಿ ಎಷ್ಟು ಜನ, ಎಷ್ಟು ವೇಗ, ಇವತ್ತು ಹೋಗಬೇಕೋ ಬೇಡವೋ ಎಂಬ ಮೂರು ಪ್ರಶ್ನೆಗೂ ಉತ್ತರ ಸಿಗುವುದು ಇಲ್ಲಿಂದಲೇ.

ಮೊದಲು ಹಕ್ಕಿನ ವಿಚಾರ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೊಲಗಳ ನಡುವಿನ ಸಾರ್ವಜನಿಕ ದಾರಿಗಳಿಗೆ ಕಾನೂನಿನಲ್ಲಿ ದರ್ಜೆಗಳಿವೆ. ಕೆಲವು ನಡೆಯುವವರಿಗೆ ಮಾತ್ರ, ಕೆಲವು ಕುದುರೆ ಸವಾರರಿಗೂ ಸೇರಿ, ಇನ್ನು ಕೆಲವು ಎಲ್ಲ ವಾಹನಗಳಿಗೂ ತೆರೆದವು. ಈ ಕೊನೆಯ ದರ್ಜೆಯ ದಾರಿಗಳು ಇಂಗ್ಲೆಂಡಿನ ಒಟ್ಟು ಜಾಲದಲ್ಲಿ ಸುಮಾರು ಶೇಕಡ 2 ಮಾತ್ರ. ಇವುಗಳ ಜೊತೆಗೆ, ದಾಖಲೆಯಲ್ಲಿ ರಸ್ತೆಯಾಗಿದ್ದೂ ಡಾಂಬರು ಕಾಣದ ಕೆಲವು ಹಾದಿಗಳು ಸೇರುತ್ತವೆ. ಉಳಿದ ಕಾಲುದಾರಿ, ಕುದುರೆದಾರಿಗಳಲ್ಲಿ ಮೋಟಾರು ವಾಹನ ಓಡಿಸುವುದು 1988ರ ರಸ್ತೆ ಸಂಚಾರ ಕಾಯಿದೆಯ ಪ್ರಕಾರ ಅಪರಾಧ. ಹಿಂದಿನ ಕಾಲದಲ್ಲಿ ಬಂಡಿಗಳು ಓಡಾಡುತ್ತಿದ್ದವು ಎಂದು ಸಾಬೀತು ಮಾಡಿ ಬೈಕಿನ ಹಕ್ಕನ್ನೂ ಪಡೆಯುವ ಅವಕಾಶ ಬಹುಕಾಲ ಇತ್ತು. 2006ರಲ್ಲಿ ಬಂದ ಹೊಸ ಕಾಯಿದೆ, ದಾಖಲಾಗದೆ ಉಳಿದಿದ್ದ ಇಂಥ ಹಕ್ಕುಗಳಲ್ಲಿ ಬಹುಪಾಲನ್ನು ಅಳಿಸಿಹಾಕಿತು. ಬೈಕಿಗೆ ನಂಬರ್ ಪ್ಲೇಟ್, ವಿಮೆ, ಸವಾರನಿಗೆ ಲೈಸೆನ್ಸ್ ಎಲ್ಲವೂ ಬೇಕು, ಏಕೆಂದರೆ ಮೊಣಕಾಲುದ್ದ ಕೆಸರಿದ್ದರೂ ಕಾನೂನಿನ ಕಣ್ಣಿಗೆ ಅದು ರಸ್ತೆಯೇ. ಇರುವುದೇ ಸ್ವಲ್ಪ, ಹೊಸದಾಗಿ ಸೇರುವ ಸಂಭವವೂ ಕಡಿಮೆ. ಹೀಗಿರುವಾಗ ಕೆಟ್ಟುಹೋದ ಪ್ರತಿಯೊಂದು ದಾರಿಯೂ ಸವಾರರ ಪಾಲಿಗೆ ಶಾಶ್ವತ ನಷ್ಟವಾಗಬಹುದು.

ಕೆಡುವುದು ಹೇಗೆ ಎಂದು ತಿಳಿಯಲು ನೆಲದೊಳಗೆ ಇಣುಕಬೇಕು. ಇಂಗ್ಲೆಂಡಿನಲ್ಲಿ ನಮ್ಮ ಹಾಗೆ ಮಳೆಗಾಲ, ಬೇಸಿಗೆ ಎಂಬ ಖಚಿತವಾದ ಗೆರೆ ಇಲ್ಲ, ವರ್ಷವಿಡೀ ಅಷ್ಟಿಷ್ಟು ಮಳೆ ಬೀಳುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಬಿಸಿಲೂ ಗಿಡಮರಗಳೂ ಆ ನೀರನ್ನು ಎಳೆದುಕೊಳ್ಳುತ್ತವೆ. ಶರತ್ಕಾಲದಲ್ಲಿ ಬಿಸಿಲು ಇಳಿಯುತ್ತದೆ, ಎಲೆ ಉದುರುತ್ತದೆ, ಆವಿಯಾಗುವುದು ಕಡಿಮೆಯಾಗುತ್ತದೆ, ಬಿದ್ದ ನೀರು ಮಣ್ಣಿನಲ್ಲೇ ನಿಲ್ಲುತ್ತದೆ. ಮಣ್ಣಿನ ಬಲ ಇರುವುದು ಕಣಗಳು ಒಂದಕ್ಕೊಂದು ಒತ್ತಿಕೊಂಡು ಉಜ್ಜುವುದರಲ್ಲಿ. ಕಣಗಳ ನಡುವಿನ ಜಾಗವನ್ನೆಲ್ಲ ನೀರು ತುಂಬಿದರೆ ಮೇಲಿನ ಭಾರವನ್ನು ಸ್ವಲ್ಪಮಟ್ಟಿಗೆ ಆ ನೀರೇ ಹೊರುತ್ತದೆ, ಕಣಗಳ ಹಿಡಿತ ಸಡಿಲವಾಗುತ್ತದೆ. ಜೇಡಿಮಣ್ಣಿನಲ್ಲಿ ಇದು ಇನ್ನೂ ಹೆಚ್ಚು. ಅದರ ಮೇಲೆ ಗಾಲಿ ಹಾದಾಗ ಮೇಲ್ಪದರ ಸವರಿಹೋಗಿ ರಂಧ್ರಗಳು ಮುಚ್ಚುತ್ತವೆ, ಮುಂದಿನ ಮಳೆಯ ನೀರು ಇಂಗದೆ ಜಾಡಿನಲ್ಲೇ ನಿಲ್ಲುತ್ತದೆ. ನಮ್ಮ ರೈತ ಮಳೆ ಬಿದ್ದ ಮರುಗಳಿಗೆಯಲ್ಲೇ ನೇಗಿಲು ಹೂಡದೆ ಹದಕ್ಕಾಗಿ ಕಾಯುವುದೂ ಇದೇ ಕಾರಣಕ್ಕೆ: ಹಸಿ ನೆಲವನ್ನು ತುಳಿದರೆ ಅದು ಹೆಂಟೆಗಟ್ಟಿ ಆ ವರ್ಷದ ಬೆಳೆಯನ್ನೇ ಕಾಡುತ್ತದೆ.

ಇಳಿಜಾರಿನಲ್ಲಿ ತೊಂದರೆ ಮತ್ತೊಂದು ರೂಪ ತಾಳುತ್ತದೆ. ಏರು ಹತ್ತುವಾಗ ಭಾರ ಹಿಂದಿನ ಗಾಲಿಗೆ ಬೀಳುತ್ತದೆ. ಹಿಡಿತ ಸಿಗದೆ ಗಾಲಿ ನಿಂತಲ್ಲೇ ಸುತ್ತಿದರೆ ಟೈರಿನ ಗುಬಟುಗಳು ಮಣ್ಣನ್ನು ಅಗೆದು ಹಿಂದಕ್ಕೆ ಎಸೆಯುತ್ತವೆ. ಅಮೆರಿಕದ ವೀವರ್ ಮತ್ತು ಡೇಲ್ ಎಂಬ ಸಂಶೋಧಕರು ನಡೆಯುವವರು, ಕುದುರೆಗಳು, ಬೈಕುಗಳ ತುಳಿತವನ್ನು ಹೋಲಿಸಿ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೂ ಇದನ್ನೇ: ಬೈಕು ಹೆಚ್ಚು ಹಾನಿ ಮಾಡುವುದು ಹತ್ತುವಾಗ, ಮನುಷ್ಯರೂ ಕುದುರೆಗಳೂ ಇಳಿಯುವಾಗ. ಹೀಗೆ ಬಿದ್ದ ಗಾಲಿಜಾಡು ಇಳಿಜಾರಿನ ಉದ್ದಕ್ಕೂ ಇರುವುದರಿಂದ ಮಳೆನೀರಿಗೆ ಸಿದ್ಧವಾದ ಕಾಲುವೆಯಾಗುತ್ತದೆ. ನೀರು ಒಂದೆಡೆ ಕೂಡಿ ರಭಸದಿಂದ ಇಳಿದು ಜಾಡನ್ನು ಕೊರಕಲಾಗಿಸುತ್ತದೆ. ಆಮೇಲೆ ಬಂದವರು ಕೊರಕಲನ್ನು ತಪ್ಪಿಸಲು ಪಕ್ಕದ ಹುಲ್ಲಿನ ಮೇಲೆ ಹೋಗುತ್ತಾರೆ, ಒಂದು ದಾರಿ ನಾಲ್ಕಾಗಿ ಹರಡುತ್ತದೆ. ಬೈಕು ಅಗೆದದ್ದು ಒಂದು ಗೇಣಾದರೆ ನೀರು ಅಗೆಯುವುದು ಮಾರುಗಟ್ಟಲೆ.

ಗುಂಪಿನ ಲೆಕ್ಕ ಬರುವುದು ಇಲ್ಲಿಯೇ. ಮೊದಲ ಬೈಕಿಗೆ ಸಿಕ್ಕ ನೆಲ ಎರಡನೆಯದಕ್ಕೆ ಸಿಗುವುದಿಲ್ಲ. ಮೇಲಿನ ಹುಲ್ಲಿನ ಬೇರು, ಬಿದ್ದ ಎಲೆಯ ಪದರ ಮೊದಲ ಒಂದೆರಡು ಗಾಲಿಗಳ ಭಾರವನ್ನು ತಡೆದುಕೊಳ್ಳಬಹುದು. ಅದು ಹರಿದ ಮೇಲೆ ಕೆಳಗಿನ ಮೆತ್ತನೆಯ ಮಣ್ಣು ಬಯಲಾಗುತ್ತದೆ, ಒಬ್ಬೊಬ್ಬರು ದಾಟಿದಂತೆಲ್ಲ ಜಾಡು ಆಳವಾಗುತ್ತದೆ. ಹನ್ನೆರಡನೆಯವನು ಬರುವ ಹೊತ್ತಿಗೆ ಅದು ಬೇರೆಯೇ ದಾರಿ. ಅವನು ಸಿಕ್ಕಿಬೀಳುತ್ತಾನೆ, ಗಾಲಿ ಸುತ್ತುತ್ತದೆ, ಉಳಿದವರು ಬಂದು ತಳ್ಳುತ್ತಾರೆ, ಇನ್ನಷ್ಟು ನೆಲ ಹೋಗುತ್ತದೆ. ಸವಾರರ ಸುರಕ್ಷತೆಯೂ ಮಣ್ಣಿನ ಸುರಕ್ಷತೆಯೂ ಒಂದೇ ಜಾಗದಲ್ಲಿ ಕುಸಿಯುತ್ತವೆ. 1970ರಲ್ಲಿ ಹುಟ್ಟಿದ, ಅಲ್ಲಿನ ಸವಾರರ ದೊಡ್ಡ ಸಂಘವಾದ ಟ್ರೇಲ್ ರೈಡರ್ಸ್ ಫೆಲೋಶಿಪ್ ಗುಂಪಿನಲ್ಲಿ ಆರಕ್ಕಿಂತ ಹೆಚ್ಚು ಜನ ಬೇಡವೆನ್ನುವುದು ಇದರಿಂದಲೇ ಅರ್ಥಪೂರ್ಣ. ಬೇಸಿಗೆಯಲ್ಲಿ ಅದು ಶಬ್ದವನ್ನೂ ಎದುರು ಬರುವವರ ಕಿರಿಕಿರಿಯನ್ನೂ ತಗ್ಗಿಸುವ ಸೌಜನ್ಯ. ಶರತ್ಕಾಲದ ಕೆಸರಿನಲ್ಲಿ ಆರು ಕೂಡ ಹೆಚ್ಚಾಗಬಹುದು.

ಜನ ಹೆಚ್ಚಿದ್ದಷ್ಟೂ ಕ್ಷೇಮ, ಬಿದ್ದವನನ್ನು ಎತ್ತಲು ಕೈಗಳು ಬೇಕಲ್ಲವೇ ಎಂದು ಯಾರಾದರೂ ಕೇಳಬಹುದು. ಒಂಟಿಯಾಗಿ ಹೋಗುವುದು ಕ್ಷೇಮವಲ್ಲ ಎಂಬುದು ನಿಜ. ಆದರೆ ಎತ್ತಲು ಇಬ್ಬರು ಮೂವರು ಸಾಕು, ಅದಕ್ಕಿಂತ ಹೆಚ್ಚಾದವರು ಕಾಯುವವರಾಗುತ್ತಾರೆ. ಪ್ರತಿ ಅಡ್ಡಿಯನ್ನೂ ಪ್ರತಿಯೊಬ್ಬರೂ ಒಬ್ಬೊಬ್ಬರಾಗಿ ದಾಟಬೇಕು, ಮುಂದಿನವನು ಏರನ್ನು ಪೂರ್ತಿ ಹತ್ತಿದ ಮೇಲೆಯೇ ಹಿಂದಿನವನು ಹೊರಡಬೇಕು. ಹೀಗಾಗಿ ತಲೆ ಹೆಚ್ಚಿದಂತೆ ತಡವೂ ಬೆಳೆಯುತ್ತದೆ. ಅಕ್ಟೋಬರಿನ ಕೊನೆಯ ಭಾನುವಾರ ಬ್ರಿಟನ್ನಿನ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಹೋಗುತ್ತವೆ, ಆಮೇಲೆ ಸಂಜೆ ಐದರ ಹೊತ್ತಿಗೇ ಕತ್ತಲು ಕವಿಯತೊಡಗುತ್ತದೆ. ಬೆವರಿ, ತೊಯ್ದು, ಗಾಳಿಯಲ್ಲಿ ನಿಂತು ಕಾಯುವವನ ಮೈಯ ಬಿಸಿ ಬೇಗ ಇಳಿಯುತ್ತದೆ. ಬೆರಳು ಮರಗಟ್ಟಿದ ಸವಾರ ಕ್ಲಚ್ಚನ್ನೂ ಬ್ರೇಕನ್ನೂ ಸರಿಯಾಗಿ ಹಿಡಿಯಲಾರ, ಮುಂದೆ ಬೀಳುವವನು ಅವನೇ.

ಚಿಕ್ಕ ಗುಂಪಿಗೂ ಒಂದು ವ್ಯವಸ್ಥೆ ಬೇಕು. ದಾರಿ ಬಲ್ಲವನು ಮುಂದೆ, ಅನುಭವಿಯೊಬ್ಬ ಕೊನೆಯಲ್ಲಿ, ಹೊಸಬರು ನಡುವೆ. ದಾರಿ ಕವಲೊಡೆಯುವಲ್ಲಿ ಎರಡನೆಯ ಸ್ಥಾನದ ಸವಾರ ನಿಂತು ತಿರುವು ತೋರಿಸುತ್ತಾನೆ, ಕೊನೆಯವನು ಕಂಡ ಮೇಲೆ ಅವನ ಮುಂದೆ ಸೇರಿಕೊಳ್ಳುತ್ತಾನೆ. ಮುಂದಿನ ಕವಲಿನಲ್ಲಿ ಆಗ ಎರಡನೆಯ ಸ್ಥಾನದಲ್ಲಿರುವವನ ಸರದಿ. ಇದರಿಂದ ಯಾರೂ ಮುಂದಿನವನನ್ನು ಹಿಡಿಯಲೆಂದು ಧಾವಿಸಬೇಕಿಲ್ಲ. ಒದ್ದೆ ಎಲೆ, ಬೇರುಗಳ ಮೇಲೆ ಬೀಳುವವರಲ್ಲಿ ಅನೇಕರು ಬೀಳುವುದು ಹಿಂದೆ ಉಳಿದೆನೆಂಬ ಆತುರದಲ್ಲಿ. ನಿಧಾನಕ್ಕೆ ತಂತ್ರಗಳೂ ಜೊತೆಯಾಗುತ್ತವೆ: ಬೇರನ್ನು ಓರೆಯಾಗಿ ದಾಟದೆ ನೇರವಾಗಿ ದಾಟುವುದು, ಏರಿನಲ್ಲಿ ಒಂದು ಗೇರು ಮೇಲಿಟ್ಟು ಆಕ್ಸಿಲರೇಟರನ್ನು ಮೆಲ್ಲಗೆ ತಿರುಗಿಸುವುದು, ಟೈರಿನ ಗಾಳಿ ಇಳಿಸಿ ನೆಲಕ್ಕೆ ತಾಗುವ ಅಗಲ ಹೆಚ್ಚಿಸುವುದು. ಇವೆಲ್ಲದರ ಗುರಿ ಗಾಲಿ ಸುತ್ತದಂತೆ ನೋಡಿಕೊಳ್ಳುವುದು. ಬೈಕಿಗೆ ಹಿಡಿತ ಸಿಕ್ಕಿತೆಂದರೆ ಮಣ್ಣೂ ಇದ್ದಲ್ಲೇ ಉಳಿಯಿತು ಎಂದೇ ಅರ್ಥ.

ಎಲ್ಲ ತಪ್ಪನ್ನೂ ಬೈಕಿನ ತಲೆಗೆ ಕಟ್ಟುವುದು ಸರಿಯೇ ಎಂಬುದು ಸವಾರರ ಬಲವಾದ ಆಕ್ಷೇಪ. ಅವರ ಪರವಾಗಿ ಸಾಕ್ಷ್ಯವೂ ಇದೆ. ವಿಲ್ಸನ್ ಮತ್ತು ಸೆನಿ ಎಂಬ ಸಂಶೋಧಕರು ಅಮೆರಿಕದ ಮೊಂಟಾನಾದ ಬೆಟ್ಟದ ದಾರಿಗಳಲ್ಲಿ ನಡೆಸಿ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೊಚ್ಚಿಹೋಗಬಲ್ಲ ಮಣ್ಣನ್ನು ಹೆಚ್ಚು ಸಡಿಲಿಸಿದ್ದು ಗಾಲಿಗಳಿಗಿಂತ ಗೊರಸು ಮತ್ತು ಕಾಲುಗಳು, ಅದರಲ್ಲೂ ಕುದುರೆಯ ಗೊರಸುಗಳು. ಇಂಗ್ಲೆಂಡಿನ ಎಷ್ಟೋ ದಾರಿಗಳಲ್ಲಿ ಆಳವಾದ ಜಾಡು ಬಿಡುವುದು ಟ್ರ್ಯಾಕ್ಟರುಗಳು. ಇದನ್ನು ಒಪ್ಪಲೇಬೇಕು. ಆದರೆ ಇದರಿಂದ ಸಿಗುವುದು ಗಾಲಿ ನಯವಾಗಿ ಉರುಳಿದಾಗ ಹಾನಿ ಮಿತವೆಂಬ ಭರವಸೆ, ಕೆಸರಿನ ಏರಿನಲ್ಲಿ ಗಾಲಿ ಸುತ್ತಿಸಲು ಪರವಾನಗಿ ಅಲ್ಲ. ಟ್ರ್ಯಾಕ್ಟರ್ ಹೋಗುವುದು ಹೊಲದ ಕೆಲಸಕ್ಕೆ, ಬೈಕು ಹೋಗುವುದು ಖುಷಿಗೆ. ಖುಷಿಗೆ ಹೋಗುವವನು ಮುಂದಿನ ತಿಂಗಳಿಗೆ ಕಾಯಬಲ್ಲ, ಕಾಯಬಲ್ಲವನ ಮೇಲೆ ಹೊಣೆಯೂ ಹೆಚ್ಚು.

ಕೆಸರೇ ಈ ಆಟದ ಜೀವ, ಅದನ್ನು ಬಿಟ್ಟರೆ ಉಳಿಯುವುದೇನು ಎನ್ನುವವರೂ ಇದ್ದಾರೆ. ಅವರಿಗೆ ಬೇರೆ ಅಂಗಳವಿದೆ. ಬೈಕು ತಯಾರಕ ಆಲ್ಫ್ರೆಡ್ ಸ್ಕಾಟ್ 1914ರಲ್ಲಿ ಆರಂಭಿಸಿದ ಸ್ಕಾಟ್ ಟ್ರಯಲ್ ಇಂದಿಗೂ ಯಾರ್ಕ್‌ಷೈರಿನಲ್ಲಿ ಅಕ್ಟೋಬರಿನ ಹೊತ್ತಿಗೆ ನಡೆಯುವ ಕಠಿಣ ಸ್ಪರ್ಧೆ. ಇಂಗ್ಲೆಂಡಿನ ಜಮೀನು ಮಾಲೀಕರು ಸಾಮಾನ್ಯವಾಗಿ ವರ್ಷಕ್ಕೆ 14 ದಿನ, ಪ್ರತ್ಯೇಕ ಅನುಮತಿ ಇಲ್ಲದೆಯೇ, ಬೈಕ್ ಸ್ಪರ್ಧೆಗೆ ನೆಲ ಕೊಡಬಹುದು. ಅಂಥಲ್ಲಿ ನೆಲ ಯಾರದೆಂದು ಗೊತ್ತು, ಒಪ್ಪಿಗೆ ಇದೆ, ದಿನಗಳಿಗೆ ಲೆಕ್ಕವಿದೆ. ಸಾರ್ವಜನಿಕ ದಾರಿಯಲ್ಲಿ ಈ ಯಾವುದೂ ಇಲ್ಲ. ನಾಳೆ ಅದೇ ದಾರಿಯಲ್ಲಿ ನಡೆಯುವವರು, ಕುದುರೆ ಸವಾರರು, ದನ ಹೊಡೆದುಕೊಂಡು ಹೋಗುವ ರೈತರು ಬರುತ್ತಾರೆ.

ಹಾಗಾದರೆ ಸವಾರರ ವಿವೇಕವನ್ನು ನಂಬುವ ಬದಲು ನಿಷೇಧಿಸಿಬಿಟ್ಟರಾಯಿತಲ್ಲ ಎಂಬುದು ಎದುರು ಬದಿಯವರ ವಾದ. ಏವ್‌ಬರಿ ಎಂಬ ಊರಿನ ಬಳಿಯಿಂದ 87 ಮೈಲಿ ಹಬ್ಬಿರುವ ರಿಡ್ಜ್‌ವೇ ಎಂಬ ಪುರಾತನ ಸುಣ್ಣಕಲ್ಲಿನ ದಾರಿ ಇಲ್ಲಿ ಪಾಠವಾಗಬಲ್ಲದು. ಅದರಲ್ಲಿ ವಾಹನಗಳಿಗೆ ತೆರೆದಿದ್ದ ಹಲವು ಭಾಗಗಳನ್ನು ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಮೋಟಾರು ವಾಹನಗಳಿಗೆ ಮುಚ್ಚುತ್ತಾರೆ. ಹಕ್ಕು ಉಳಿಯುತ್ತದೆ, ಒದ್ದೆಯ ಕಾಲ ಮಾತ್ರ ಬಿಟ್ಟುಹೋಗುತ್ತದೆ. ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದ ಲಾಂಗ್ ಕಾಸ್ವೇಯಂಥ ಕಡೆ ವರ್ಷವಿಡೀ ನಿಷೇಧ ಬಂದಿದೆ. ಎಲ್ಲೆಡೆ ಪೂರ್ಣ ನಿಷೇಧ ಹೇರಿದರೆ ನಿಯಮ ಪಾಲಿಸುವ ಸಂಘಗಳು ಹಿಂದೆ ಸರಿಯುತ್ತವೆ, ನಂಬರ್ ಪ್ಲೇಟೂ ಇಲ್ಲದೆ ಬರುವವರು ಬರುತ್ತಲೇ ಇರುತ್ತಾರೆ, ಹಳ್ಳ ತುಂಬಿಸಲು, ಚರಂಡಿ ಬಿಡಿಸಲು ನೆರವಾಗುವ ಕೈಗಳೂ ಇಲ್ಲವಾಗುತ್ತವೆ. ಕಾಲಕ್ಕೆ ತಕ್ಕ ಮುಚ್ಚುಗಡೆಯೇ ಹೆಚ್ಚು ನ್ಯಾಯದ್ದು. ಆದರೆ ಅದು ಉಳಿಯಬೇಕಾದರೆ, ಫಲಕ ಹಾಕದ ಕಡೆಯೂ ಒದ್ದೆ ನೆಲದಿಂದ ತಾವಾಗಿ ದೂರವಿರುವುದನ್ನು ಸವಾರರು ರೂಢಿ ಮಾಡಿಕೊಂಡಿರಬೇಕು.

ಈ ವಾದ ನಮ್ಮ ಮಲೆನಾಡಿಗೂ ಸಲ್ಲುತ್ತದೆ. ಬೆಂಗಳೂರಿನಿಂದ ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕಡೆ ಹೊರಡುವ ಬೈಕ್ ಗುಂಪುಗಳಲ್ಲಿ ಮುಂದಿನವನಿಗೆ ಲೀಡ್, ಕೊನೆಯವನಿಗೆ ಸ್ವೀಪ್ ಎಂಬ ಮಾತುಗಳು ಈಗಾಗಲೇ ರೂಢಿಯಲ್ಲಿವೆ. ಆದರೆ ನಮ್ಮ ಬೈಕು ಬೇರೆ, ನೆಲ ಬೇರೆ. ಇಲ್ಲಿ ಕಚ್ಚಾದಾರಿಗೆ ಇಳಿಯುವ ಹಿಮಾಲಯನ್‌ನಂಥ ಬೈಕು ಸುಮಾರು 200 ಕಿಲೋ ತೂಗುತ್ತದೆ, ಇಂಗ್ಲೆಂಡಿನ ದಾರಿಗಳಿಗೆ ಇಳಿಯುವ ಹಗುರವಾದ ಎಂಡ್ಯೂರೋ ಬೈಕಿನ ತೂಕ ಅದರ ಅರ್ಧಕ್ಕಿಂತ ತುಸು ಹೆಚ್ಚು. ಜೂನ್‌ನಿಂದ ನೆನೆದ ಗುಡ್ಡದ ಹುಲ್ಲುಗಾವಲು ಆಶ್ವಯುಜದಲ್ಲಿ ಹಸಿರಾಗಿ, ಗಟ್ಟಿಯಾಗಿ ಕಂಡರೂ ಕೆಳಗಿನ ಮಣ್ಣು ಇನ್ನೂ ನೀರು ಹಿಡಿದಿರುತ್ತದೆ. ಹುಲ್ಲಿನ ಬೇರು ಹರಿದ ಜಾಡು ಮುಂದಿನ ಮುಂಗಾರಿಗೆ ಕೊರಕಲಾಗುತ್ತದೆ. ಅರಣ್ಯದೊಳಗೆ ಅನುಮತಿ ಇಲ್ಲದೆ ಹೋಗುವಂತೆಯೇ ಇಲ್ಲ, ಉಳಿದ ಬಹುಪಾಲು ದಾರಿಗಳು ತೋಟದ ಮಾಲೀಕರ ಅಥವಾ ಊರಿನವರ ಒಪ್ಪಿಗೆಯ ಮೇಲೆ ನಿಂತಿವೆ. ಬರಹದಲ್ಲಿ ದಾಖಲಾದ ಹಕ್ಕನ್ನು ಕಳೆದುಕೊಳ್ಳಲು ಇಂಗ್ಲೆಂಡಿನ ಸವಾರರಿಗೆ ವರ್ಷಗಳು ಹಿಡಿದವು. ಬಾಯಿಮಾತಿನ ಒಪ್ಪಿಗೆ ಹೋಗಲು ಇಪ್ಪತ್ತು ಬೈಕುಗಳ ಒಂದು ಬೆಳಗು ಸಾಕು.

ಆದ್ದರಿಂದ ದಾರಿಯ ಬಾಯಲ್ಲಿ ನಿಂತ ಮುಂದಾಳು ತನ್ನ ಕೌಶಲವನ್ನು ಪಕ್ಕಕ್ಕಿಟ್ಟು ಗುಂಪಿನ ಹೊಸಬನನ್ನು ನೋಡಬೇಕು. ಉಳಿದ ಬೈಕುಗಳೆಲ್ಲ ಹಾದುಹೋದ ಮೇಲೆ ಈ ಏರನ್ನು ಇವನು ಗಾಲಿ ಸುತ್ತಿಸದೆ ಹತ್ತಬಲ್ಲನೇ ಎಂದು ಕೇಳಿಕೊಳ್ಳಬೇಕು. ಹೌದಾದರೆ ಹೋಗಬಹುದು. ಅನುಮಾನವಿದ್ದರೆ ಗುಂಪನ್ನು ಒಡೆಯಬೇಕು, ಇಲ್ಲವೇ ಡಾಂಬರಿಗೆ ಮರಳಿ ಗಟ್ಟಿ ನೆಲದ ಮತ್ತೊಂದು ದಾರಿ ಹುಡುಕಬೇಕು. ಹೀಗೆ ಮಾಡಿದರೆ ಒಂದು ಭಾನುವಾರದ ಅರ್ಧ ದಿನ ಹೋಗುತ್ತದೆ. ಮಾಡದಿದ್ದರೆ ಏನು ಹೋಗುತ್ತದೆ ಎಂಬುದನ್ನು ಈಗಾಗಲೇ ಮುಚ್ಚಿಹೋಗಿರುವ ದಾರಿಗಳ ಪಟ್ಟಿ ಹೇಳುತ್ತದೆ, ಆ ಪಟ್ಟಿ ಚಿಕ್ಕದೇನಲ್ಲ.