ಮುಟ್ಟು ನಿಂತ ಮೇಲೂ ಎಚ್ಚರಿಕೆ ಬೇಕು



ಬೀಜ, ಗೊಬ್ಬರದ ವಿಷಯ ಹೇಳಬೇಕಾದವನು ಹೆಂಗಸರ ಕಾಯಿಲೆಯ ಮಾತೆತ್ತಿದನೇಕೆಂದು ನೀವು ಕೇಳಬಹುದು. ಎತ್ತು ಮೇವು ಬಿಟ್ಟರೆ ಅಂದೇ ಪಶುವೈದ್ಯರನ್ನು ಕರೆತರುವ ನಾವು, ಮನೆಯಾಕೆಯ ಬೇನೆಯನ್ನು ವರ್ಷಗಟ್ಟಲೆ ಕಾಣದವರಂತೆ ಇರುತ್ತೇವೆ. ಆದುದರಿಂದ ಈ ನಾಲ್ಕು ಮಾತು.

ಕೆಲವು ಹೆಂಗಸರಿಗೆ ಹರೆಯದಿಂದಲೇ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತದೆ. ಮುಖದ ಮೇಲೆ ಕೂದಲು ಹೆಚ್ಚುತ್ತದೆ, ಬಸುರು ನಿಲ್ಲುವುದು ತಡವಾಗುತ್ತದೆ. ಗಂಡಸರಲ್ಲಿ ಹೆಚ್ಚಾಗಿರುವ ಹಾರ್ಮೋನು ಇವರ ಮೈಯಲ್ಲಿ ಮಿತಿಮೀರುವುದೂ, ಅಂಡಾಶಯದಲ್ಲಿ ಬಲಿಯದ ಅಂಡಗಳ ಸಣ್ಣ ಚೀಲಗಳು ಉಳಿಯುವುದೂ ಇದರ ಲಕ್ಷಣ. ವೈದ್ಯರು ಇದಕ್ಕೆ ಪಿ.ಸಿ.ಓ.ಎಸ್. ಎನ್ನುತ್ತಾರೆ. ಮಕ್ಕಳಾಗುವ ವಯಸ್ಸಿನ ನೂರು ಹೆಂಗಸರಲ್ಲಿ 10ರಿಂದ 13 ಮಂದಿಗೆ ಇದು ಇರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ತಮಗೆ ಇದೆಯೆಂದೇ ಅನೇಕರಿಗೆ ತಿಳಿಯದು.

ನಲವತ್ತರ ಹೊತ್ತಿಗೆ ಮುಟ್ಟು ತಾನಾಗಿ ಸರಿಹೋದಂತೆ ಕಾಣುವುದುಂಟು. ಮುಂದೆ, ಸಾಮಾನ್ಯವಾಗಿ 45ರಿಂದ 55 ವರ್ಷದೊಳಗೆ, ಅದು ನಿಲ್ಲುತ್ತದೆ. ಆಗ ಪೀಡೆ ಕಳೆಯಿತೆಂದು ಸುಮ್ಮನಾಗುವುದು ತಪ್ಪು. ಮುಟ್ಟು ನಿಂತರೂ ಮೈಯೊಳಗಿನ ದೋಷ ನಿಲ್ಲದು. ರಕ್ತದ ಸಕ್ಕರೆಯನ್ನು ಮೈಗೆ ಹಿಡಿಸುವುದು ಇನ್ಸುಲಿನ್. ಇವರಲ್ಲಿ ಅನೇಕರ ಮೈ ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ. ಕಾಲುವೆ ತುಂಬ ನೀರಿದ್ದರೂ ಗದ್ದೆಯ ಮಡೆ ತೆರೆಯದಿದ್ದ ಹಾಗೆ, ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಇದರಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡ ಬರುವ ಸಂಭವ ಇತರರಿಗಿಂತ ಹೆಚ್ಚು. ವಯಸ್ಸಾದಂತೆ ಹೊಟ್ಟೆಯ ಬೊಜ್ಜು ಸೇರಿದರೆ ಮತ್ತಷ್ಟು ಹೆಚ್ಚು.

ಮಾಡಬೇಕಾದುದು ಇಷ್ಟು:

1. ವರ್ಷಕ್ಕೊಮ್ಮೆಯಾದರೂ ಸಕ್ಕರೆ, ರಕ್ತದೊತ್ತಡ, ತೂಕ ನೋಡಿಸತಕ್ಕದ್ದು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ 30 ವರ್ಷ ದಾಟಿದವರಿಗೆ ಸಕ್ಕರೆ, ರಕ್ತದೊತ್ತಡದ ತಪಾಸಣೆ ಉಚಿತ. ಹರೆಯದಲ್ಲಿ ಮುಟ್ಟು ತಪ್ಪುತ್ತಿದ್ದುದನ್ನು ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸಬೇಕು.

2. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡಬಾರದು. ಮುಟ್ಟು ಬಹುಕಾಲ ತಪ್ಪಿದವರಲ್ಲಿ ಗರ್ಭಕೋಶದ ಒಳಪದರ ದಪ್ಪವಾಗಿ ಕ್ಯಾನ್ಸರಿಗೆ ದಾರಿಯಾಗಬಹುದು. ಬೇಗ ಕಂಡುಹಿಡಿದರೆ ಗುಣವಾಗುವ ಸಾಧ್ಯತೆ ಬಹಳ.

3. ಮುಖದ ಕೂದಲು ಮೊದಲಿನಿಂದ ಇದ್ದರೆ ಗಾಬರಿ ಬೇಡ. ಆದರೆ ಅದು ಕೆಲವೇ ತಿಂಗಳಲ್ಲಿ ಬೆಳೆದು, ಧ್ವನಿಯೂ ಗಡುಸಾದರೆ ಕೂಡಲೇ ವೈದ್ಯರನ್ನು ಕಾಣಬೇಕು.

4. ಊಟದಲ್ಲಿ ಸೊಪ್ಪು, ತರಕಾರಿ, ಕಾಳು ಹೆಚ್ಚಲಿ. ಅನ್ನ, ಸಕ್ಕರೆ ಕಡಿಮೆಯಾಗಲಿ. ಹೊಲದ ಕೆಲಸವಿಲ್ಲದ ದಿನ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು.

ಬರುವ ಸಂತೆಯ ದಿನ ಮನೆಯಾಕೆಯನ್ನೂ ಜೊತೆಗೆ ಕರೆದುಕೊಂಡು ಹೊರಡಿ. ಮೊದಲು ಆರೋಗ್ಯ ಕೇಂದ್ರ, ಆಮೇಲೆ ಸಂತೆ.