ಯೆಲ್ಲೋ ಬೋರ್ಡಿನ ಮನೆಗಾಡಿ

ನಮ್ಮ ಮನೆ ಪುಲಿಕೇಶಿನಗರದ ಕೋಲ್ಸ್ ರಸ್ತೆಗೆ ಸೇರುವ ಅಡ್ಡರಸ್ತೆಯಲ್ಲಿ, ಹೊಲ ಮಾಲೂರಿನ ಕಡೆ. ಭಾನುವಾರ ಬಂದರೆ ಅಪ್ಪನಿಗೆ ಹೊಲ ನೋಡಲೇಬೇಕು. ಕಾಲಿನ ಶಕ್ತಿ ಹೋದ ಮೇಲೆ ಅವರ ಜೊತೆ ವ್ಹೀಲ್‌ಚೇರೂ ಹೊರಡುತ್ತದೆ. ವಾಪಸ್ ಬರುವಾಗ ರಾಗಿ ಮೂಟೆ, ತೆಂಗಿನಕಾಯಿ, ಕಾಲ ಬಂದರೆ ಅವರೆಕಾಯಿ. ಕಾರಿನ ಡಿಕ್ಕಿ ಸಾಲದೆ ಡಬಲ್ ಕ್ಯಾಬಿನ್ ಪಿಕಪ್ ತಗೊಂಡೆ. ಮುಂದೆ ಇಬ್ಬರು, ಹಿಂದೆ ಮೂವರು, ಅದರ ಹಿಂದೆ ಸಾಮಾನಿಗೆ ಲೋಡ್ ಬಾಡಿ. ಬಾಡಿಗೆಗೆ ಓಡಿಸುವ ಯೋಚನೆ ಇರಲೇ ಇಲ್ಲ.

ಬುಕಿಂಗ್ ದಿನವೇ ಶೋರೂಮಿನವರು ಹೇಳಿದರು: "ಇದಕ್ಕೆ ಯೆಲ್ಲೋ ಬೋರ್ಡೇ ಮೇಡಂ, ವೈಟ್ ಸಿಗಲ್ಲ." ಮನೆಗೆ ತಾನೇ ಅಂದೆ. ಆದರೆ ಗಾಡಿಯನ್ನು ಯಾರು, ಯಾತಕ್ಕೆ ಕೊಳ್ಳುತ್ತಾರೆ ಅನ್ನುವುದರ ಮೇಲೆ ಬೋರ್ಡಿನ ಬಣ್ಣ ನಿಲ್ಲುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆ ಮೊದಲು ನೋಡುವುದು ಗಾಡಿಯನ್ನು ಯಾತಕ್ಕಾಗಿ ಕಟ್ಟಿದ್ದಾರೆ ಅಂತ. ತಯಾರಕರು ಪ್ರತಿ ಮಾದರಿಯನ್ನೂ ಪುಣೆಯ ಎಆರ್‌ಎಐಯಂಥ ಪರೀಕ್ಷಾ ಸಂಸ್ಥೆಯಲ್ಲಿ ಪಾಸು ಮಾಡಿಸಿಕೊಳ್ಳುವಾಗಲೇ ಅದು ಜನರ ಗಾಡಿಯೋ ಸರಕಿನ ಗಾಡಿಯೋ ಅಂತ ದಾಖಲಾಗುತ್ತದೆ. ನನ್ನದು 'ಗೂಡ್ಸ್ ಕ್ಯಾರಿಯರ್'. ಆರ್‌ಟಿಒ ಕೌಂಟರಿನಲ್ಲಿ ಎಷ್ಟು ಬೇಡಿಕೊಂಡರೂ ಆ ಪದ ಬದಲಾಗದು.

ವೈಟ್ ಬೋರ್ಡಿನ ಪಿಕಪ್ ಬೇಕೇ ಬೇಕು ಅನ್ನುವವರಿಗೆ ದಾರಿ ಇದೆ. 2016ರಲ್ಲಿ ಬಂದ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, 2022ರಲ್ಲಿ ಬಂದ ಟೊಯೊಟಾ ಹೈಲಕ್ಸ್ ಖಾಸಗಿ ಬಳಕೆಗೆಂದೇ ಮಾರುವ ಗಾಡಿಗಳು. ಆದರೆ ಬೆಲೆಯೂ ಹಾಗೇ ಇದೆ. ಅದರ ಮೇಲೆ ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಶೇ 18 ಜೀವಿತಾವಧಿ ತೆರಿಗೆ, ಸೆಸ್ ಬೇರೆ. ನಮ್ಮ ಕೈಗೆ ಎಟುಕುವುದಲ್ಲ.

ಆಗ ಒಬ್ಬ ಏಜೆಂಟ್ ಫೋನ್ ಮಾಡಿ, "ಬಿಳಿ ಪ್ಲೇಟ್ ಹಾಕಿಸಿಬಿಡಿ, ಯಾರೂ ಕೇಳಲ್ಲ" ಅಂದ. ಆರ್‌ಸಿಯಲ್ಲಿ ಸರಕು ಗಾಡಿ, ಪ್ಲೇಟಿನಲ್ಲಿ ಮನೆ ಗಾಡಿ. ರಸ್ತೆಯಲ್ಲಿ ಏನಾದರೂ ಆದ ದಿನ ಉತ್ತರ ಕೊಡಬೇಕಾದವಳು ನಾನು. ಬೇಡ ಅಂದೆ.

ಹಳದಿ ಬೋರ್ಡಿಗೆ ಹೆದರಬೇಕಾದಷ್ಟೇನೂ ಇಲ್ಲ. ತುಂಬಿದ ತೂಕ 3,000 ಕೆಜಿ ಒಳಗಿದ್ದರೆ ಪರ್ಮಿಟ್ ಬೇಡ. ನನ್ನ ಗಾಡಿ ಅದರೊಳಗೇ ಇದೆ. ಮಾಮೂಲಿ ಕಾರಿನ ಡಿಎಲ್ ಸಾಕು. 7,500 ಕೆಜಿ ಮೀರದ ಸಾರಿಗೆ ಗಾಡಿ ಓಡಿಸಲು ಲಘು ವಾಹನದ (ಎಲ್‌ಎಂವಿ) ಲೈಸೆನ್ಸ್ ಇದ್ದವರಿಗೆ ಬೇರೆ ಅನುಮತಿ ಬೇಡವೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್‌ 6ರಂದು ಹೇಳಿದೆ. ಫಿಟ್‌ನೆಸ್ ಸರ್ಟಿಫಿಕೇಟ್ (ಎಫ್‌ಸಿ) ಮಾತ್ರ ಮರೆಯುವಂತಿಲ್ಲ: ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ರಶ್ ಹೊತ್ತಿನಲ್ಲಿ ಗೂಡ್ಸ್ ಗಾಡಿ ಬಿಡದ ರಸ್ತೆಗಳಿವೆ, ಭಾನುವಾರ ಬೆಳಗ್ಗೆ ಬೇಗ ಹೊರಡುವ ನಮಗೆ ಅದು ದೊಡ್ಡ ತೊಂದರೆಯಾಗಿಲ್ಲ.

ನನ್ನ ನಿದ್ದೆ ಕೆಡಿಸಿದ್ದು ಇನ್ಶೂರೆನ್ಸ್. ಥರ್ಡ್ ಪಾರ್ಟಿ ವಿಮೆಗೆ 2022ರಲ್ಲಿ ಕೇಂದ್ರ ನಿಗದಿ ಮಾಡಿದ ದರದಲ್ಲಿ, 7,500 ಕೆಜಿ ಒಳಗಿನ ಬಾಡಿಗೆ ಸರಕು ಗಾಡಿಗೆ ವರ್ಷಕ್ಕೆ 16,049 ರೂಪಾಯಿ. ಸ್ವಂತ ಸರಕು ಮಾತ್ರ ಸಾಗಿಸುವ 'ಪ್ರೈವೇಟ್ ಕ್ಯಾರಿಯರ್'ಗೆ 8,510. ನನಗೆ ಬಂದ ಮೊದಲ ಲೆಕ್ಕ ಬಾಡಿಗೆ ಗಾಡಿಯದು. ಕೇಳಿದ ಮೇಲೆ ತಿದ್ದಿದರು. ಕೇಳದಿದ್ದರೆ ಸುಮ್ಮನೆ ಕಟ್ಟಿಕೊಂಡು ಹೋಗುತ್ತಿದ್ದೆ.

ಹಣ ಹೋದರೆ ಹೋಗಲಿ, ಹಿಂದಿನ ಸೀಟಿನ ಮಾತು ಹಾಗಲ್ಲ. ಸರಕು ಗಾಡಿಯಲ್ಲಿ ಸುಮ್ಮನೆ ಕೂತು ಬರುವವರಿಗೆ ಕಡ್ಡಾಯ ವಿಮೆಯ ರಕ್ಷಣೆ ಇಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ತೀರ್ಪು ಕೊಟ್ಟಿದೆ. ಸರಕಿನ ಮಾಲೀಕರು, ಇಲ್ಲವೇ ಅವರ ಪರವಾಗಿ ಸರಕಿನ ಜೊತೆ ಬರುವವರಿಗೆ ಮಾತ್ರ ಕಾಯ್ದೆ ಜಾಗ ಕೊಟ್ಟಿದೆ. ಕಂಪನಿಯೇ ಸೀಟು ಹಾಕಿ, ಬೆಲ್ಟು ಕೊಟ್ಟು, ಆರ್‌ಸಿಯಲ್ಲೂ ಸೀಟಿನ ಲೆಕ್ಕ ಬರೆದಿರುವಾಗ ಅಪ್ಪ ಕ್ಷೇಮ ಅಂದುಕೊಂಡಿದ್ದೆ. ಆದರೆ ಹೊಲಕ್ಕೆ ಹೋಗುವಾಗ ಗಾಡಿ ಖಾಲಿ. ರಾಗಿ ಮೂಟೆಯೇ ಇಲ್ಲದ ಆ ಹೊತ್ತಿನಲ್ಲಿ ಅಪ್ಪ, ಅತ್ತೆ, ತಂಗಿಯ ಮಗ ಯಾವ ಲೆಕ್ಕಕ್ಕೆ ಬರುತ್ತಾರೆ?

ಇದಕ್ಕೆ ಪರಿಹಾರವಿದೆ, ಆದರೆ ನಾವೇ ಬಾಯಿಬಿಟ್ಟು ಕೇಳಬೇಕು. ಬಾಡಿಗೆ ಕೊಡದ ಪ್ರಯಾಣಿಕರ ಹೊಣೆ, ಏಜೆಂಟರ ಬಾಯಲ್ಲಿ 'ಎನ್‌ಎಫ್‌ಪಿಪಿ', ಅಂತ ಒಂದು ಸಾಲು ಹೆಚ್ಚಿನ ಪ್ರೀಮಿಯಂ ಕಟ್ಟಿಸಿಕೊಂಡು ಪಾಲಿಸಿಗೆ ಸೇರಿಸುತ್ತಾರೆ. ಎಷ್ಟು ತಲೆಗೆ ಅಂತ ಸಂಖ್ಯೆ ಬರೆಸಿ, ಆ ಹಾಳೆ ಕೈಗೆ ಬಂದ ಮೇಲೇ ಗಾಡಿ ತೆಗೆಯಿರಿ. ಡಬಲ್ ಕ್ಯಾಬಿನ್ ಇರುವ ನನ್ನ ಪರಿಚಯದವರಿಗೆಲ್ಲ ಪಾಲಿಸಿ ತೆಗೆದು ನೋಡಿ ಅಂತ ಹೇಳುತ್ತಾ ಬಂದಿದ್ದೇನೆ. ಲೋಡ್ ಬಾಡಿಯಲ್ಲಿ ಜನರನ್ನು ಕೂರಿಸುವ ಮಾತಂತೂ ಬೇಡವೇ ಬೇಡ, ಮದುವೆಯ ದಿಬ್ಬಣವೇ ಆಗಿರಲಿ.

ನಂಬರ್ ಪ್ಲೇಟು ಎಚ್‌ಎಸ್‌ಆರ್‌ಪಿ, ಅದನ್ನು ಕೈಯಲ್ಲಿ ಬರೆಯುವ ಹಾಗಿಲ್ಲ. ಆದರೆ ಸಾರಿಗೆ ಗಾಡಿಗೆ ಎರಡು ಪಕ್ಕದಲ್ಲೂ ನಂಬರ್ ಇರಬೇಕು. ಅದನ್ನು ಬರೆಸಲು ಶಿವಾಜಿನಗರದ ಪೇಂಟರ್ ಹತ್ತಿರ ಹೋದೆವು. ವಯಸ್ಸಾದವರು. ಸೀಮೆಸುಣ್ಣ ಹಚ್ಚಿದ ದಾರವನ್ನು ಬಾಗಿಲಿನ ಮೇಲೆ ಎಳೆದು ಟಪ್ಪೆಂದು ಬಿಟ್ಟರು. ಬಿಳಿ ಗೆರೆ ಮೂಡಿತು. ಆ ಗೆರೆಯ ಮೇಲೆ ಸಣ್ಣ ಬ್ರಷ್ಷಿನಿಂದ ಕೆಎ-03, ಅದರ ಕೆಳಗೆ ಖಾಲಿ ತೂಕ, ತುಂಬಿದ ತೂಕ. ಒಂದೊಂದು ಅಂಕಿ ಮುಗಿದಾಗಲೂ ಹೆಬ್ಬೆರಳಿನಿಂದ ಅಂಚು ಒರೆಸುತ್ತಿದ್ದರು.

ಅಪ್ಪ ಕಿಟಕಿಯಿಂದ ತಲೆ ಹಾಕಿ, "ನನ್ನ ತೂಕ ಎಲ್ಲಿ ಸೇರಿಸಿದ್ದೀರಿ ಭಾಯ್?" ಅಂತ ಕೇಳಿದರು.

ಪೇಂಟರ್ ಬ್ರಷ್ ಎತ್ತದೆ, "ನಿಮ್ಮದು ಸೀಟಿನ ಲೆಕ್ಕ ಸಾರ್," ಅಂದರು. ಆಮೇಲೆ ಕೆಳಗಿನ ಗೆರೆಯಲ್ಲಿ 'ಡಿ+4', ಅಂದರೆ ಡ್ರೈವರ್ ಜೊತೆ ನಾಲ್ವರು, ಅಂತ ಬರೆದರು.